ಅಮ್ಮನಿಗೆ ಹೇಳಿಕೊಟ್ಟವರು ಯಾರು?

ಜಗಳ ಆಡುವವರನ್ನು ಕಂಡರೆ ನನಗೆ ಒಂದು ನೆಮ್ಮದಿ. ಅವರ ಹೊಟ್ಟೆಯಲ್ಲಿ ಇದ್ದದ್ದೆಲ್ಲ ಆಗಲೇ ಬಾಯಿಗೆ ಬಂದಿರುತ್ತದೆ, ನಾವು ಹುಡುಕುವುದು ಏನೂ ಉಳಿದಿರುವುದಿಲ್ಲ. ನನಗೆ ಹೆದರಿಕೆಯಾಗುವುದು "ನಿಮ್ಮ ಅಭಿಪ್ರಾಯವನ್ನು ನಾನು ತುಂಬಾ ಗೌರವಿಸುತ್ತೇನೆ" ಎಂದು ಮಾತು ಶುರು ಮಾಡುವವರನ್ನು ಕಂಡಾಗ. ಇದು ಹುಟ್ಟುಗುಣವಲ್ಲ, ಉದ್ಯೋಗದಿಂದ ಅಂಟಿದ ಕಾಯಿಲೆ. ಮೂವತ್ತು ವರ್ಷ ಹೊಸನಗರದ ಸುತ್ತಮುತ್ತ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವನು ನಾನು. "ಬನ್ನಿ ವಿನ್ಸೆಂಟಣ್ಣ, ಮೊದ್ಲು ಕಾಫಿ ಕುಡೀರಿ, ಮೀಟರ್ ಎಲ್ಲಿಗೆ ಓಡಿಹೋಗುತ್ತೆ" ಎಂದು ಯಾವ ಮನೆಯಲ್ಲಿ ಉಪಚಾರ ಮಾಡುತ್ತಾರೋ, ಆ ಮನೆಯಲ್ಲಿ ಮೀಟರಿನ ಕಣ್ಣು ತಪ್ಪಿಸಿ ಒಂದು ವೈರು ಹಿತ್ತಲಿನ ಪಂಪಿಗೆ ಹೋಗಿದೆ ಎಂದೇ ಅರ್ಥ. ನಾಯಿ ಬಿಟ್ಟು ಓಡಿಸಿದ ಮನೆಯ ಮೀಟರ್ ಯಾವತ್ತೂ ಸರಿಯಾಗಿ ಇರುತ್ತಿತ್ತು. ನಿವೃತ್ತಿಯಾದ ಮೇಲೆ ಓದಲು ಮೀಟರ್ ಇಲ್ಲ, ಹಾಗಾಗಿ ಮನುಷ್ಯರನ್ನು ಓದುತ್ತಿದ್ದೇನೆ.

ನಮ್ಮ ಕಡೆ ಕ್ರೈಸ್ತರ ಮನೆಗಳು ಹೆಚ್ಚಿಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಜಪಸರ ಹೇಳಿ, ಬೈಬಲ್ ಓದಿ, ಆಮೇಲೆ ಸಮಾಜದ ವಿಷಯ ಮಾತಾಡುವುದು ಪದ್ಧತಿ. ಅದಕ್ಕೆ ವಾರ್ಡ್ ಕೂಟ ಎನ್ನುತ್ತೇವೆ. ಮೊದಲೆಲ್ಲ ಈ ಕೂಟಗಳು ಬಹಳ ಆರೋಗ್ಯವಾಗಿದ್ದವು. ಮದುವೆಯಲ್ಲಿ ಬ್ರಾಂದಿ ಇಡಬೇಕೋ ಬೇಡವೋ, ಜಾತಿ ಬಿಟ್ಟು ಮದುವೆಯಾದವರನ್ನು ಊಟಕ್ಕೆ ಕರೆಯಬೇಕೋ ಬೇಡವೋ ಎಂದು ಮನಸಾರೆ ಕೂಗಾಡುತ್ತಿದ್ದರು. ಒಮ್ಮೆ ಪಕ್ಕದ ಮನೆಯವರು ಸಿಗಂದೂರಿಗೆ ಹೋಗಿ ಬಂದು ಕೊಟ್ಟ ಪ್ರಸಾದವನ್ನು ನಾವು ತಿನ್ನಬಹುದೇ ಎಂಬ ಪ್ರಶ್ನೆ ಎದ್ದಿತು. ನಮ್ಮ ವಾರ್ಡಿನ ಮುಖ್ಯಸ್ಥ ಸೈಮನ್ ಮಾಮ ಎದ್ದು ನಿಂತು "ತಿಂದವನಿಗೆ ನರಕವೇ ಗತಿ" ಎಂದು ಗುಡುಗಿದ್ದರು. ಒಂದು ಗಂಟೆ ಜಗಳವಾಗಿ ಎಲ್ಲರೂ ಸುಸ್ತಾಗಿ ಕೂತಾಗ ನೋಡುತ್ತೇವೆ, ಮೇಜಿನ ಮೇಲಿದ್ದ ಪ್ರಸಾದದ ತಟ್ಟೆ ಖಾಲಿ! ತಿಂದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಸೈಮನ್ ಮಾಮನ ಮೀಸೆಯಲ್ಲಿ ತೆಂಗಿನಕಾಯಿ ತುರಿ ಕಂಡ ಹಾಗಾಯಿತು, ಆದರೆ ಪ್ರಮಾಣ ಮಾಡಿ ಹೇಳಲಾರೆ.

ಈ ಸುಖವೆಲ್ಲ ಹೋದದ್ದು ಸಾಗರದ ಕಡೆಯಿಂದ ಹೊಸ ಫಾದರ್ ಬಂದ ಮೇಲೆ. ಇನ್ನೂ ಚಿಕ್ಕ ಪ್ರಾಯದವರು, ಮೆತ್ತಗಿನ ಮಾತು. ಮೊದಲ ಕೂಟದಲ್ಲೇ ಒಂದು ನಿಯಮ ತಂದರು. "ಒಪ್ಪಲೇಬೇಕು ಅಂತ ಏನಿಲ್ಲ. ಆದ್ರೆ ಎದುರಿನವರು ಏನು ಹೇಳ್ತಾರೆ, ಯಾಕೆ ಹೇಳ್ತಾರೆ ಅನ್ನೋದನ್ನ ಮೊದ್ಲು ನಿಮ್ಮ ಮಾತಲ್ಲಿ ಹೇಳ್ಬೇಕು. ಅವರು 'ಹೌದು, ಅದೇ' ಅಂದ್ರೆ ಮಾತ್ರ ಮುಂದೆ ನಿಮ್ಮ ವಾದ." ಅಷ್ಟೇ, ಕೂಟದ ಕೂಗಾಟ ಅಲ್ಲಿಗೆ ಮುಗಿಯಿತು. ಬಸ್ ಸ್ಟ್ಯಾಂಡಿನವರೆಗೆ ಕೇಳಿಸುವ ಗಂಟಲಿದ್ದ ಸೈಮನ್ ಮಾಮ "ನಿಮ್ಮ ಮಾತು ನನಗೆ ಅರ್ಥವಾಗಿದೆ ಎಂದು ಭಾವಿಸಿದ್ದೇನೆ" ಎನ್ನತೊಡಗಿದರು. ಇಷ್ಟು ಮರ್ಯಾದೆಯ ಹಿಂದೆ ಏನೋ ಮಸಲತ್ತು ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು.

ಅದೇ ಸಮಯಕ್ಕೆ ನಮ್ಮ ಮನೆಯಲ್ಲಿ ಸಿಡಿಲು ಹೊಡೆಯಿತು. ಅಮ್ಮನಿಗೆ ಎಂಬತ್ಮೂರು ವರ್ಷ. ಒಂದು ಬೆಳಿಗ್ಗೆ ಗಂಜಿ ಉಣ್ಣುತ್ತಾ, ಉಪ್ಪಿನಕಾಯಿ ಕೇಳುವಷ್ಟೇ ಸಲೀಸಾಗಿ, "ನಾನು ಸತ್ರೆ ನನ್ನ ಹೂಳ್ಬೇಡ. ಸುಟ್ಟುಬಿಡು" ಎಂದಳು. ನಮ್ಮ ಮನೆಮಾತು ಕೊಂಕಣಿ. ಅಮ್ಮ ಕನ್ನಡಕ್ಕೆ ಬಂದಳೆಂದರೆ ಮಾತು ತೀರ್ಮಾನವಾಗಿದೆ ಎಂದೇ ತಿಳಿಯಬೇಕು. ತಲೆತಲಾಂತರದಿಂದ ನಮ್ಮವರು ಮಣ್ಣಿಗೆ ಹೋದವರು. ಚರ್ಚಿನ ಹಿಂದೆ ಅಪ್ಪನ ಗೋರಿ ಇದೆ, ಅದರ ಪಕ್ಕ ಅಮ್ಮನಿಗೆಂದು ನಾನು ಮನಸ್ಸಿನಲ್ಲೇ ಜಾಗ ಹಿಡಿದಿಟ್ಟಿದ್ದೇನೆ. ಇಂಥ ಹೊತ್ತಿನಲ್ಲಿ ಒಬ್ಬ ಮಗ ಏನು ಕೇಳಬೇಕೋ ಗೊತ್ತಿಲ್ಲ, ಮೀಟರ್ ಓದುವವನು ಕೇಳುವುದು ಒಂದೇ ಪ್ರಶ್ನೆ. "ಯಾರು ಹೇಳಿಕೊಟ್ಟಿದ್ದು ನಿಂಗೆ ಇದನ್ನ?"

"ಯಾಕೆ, ನಂಗೆ ಸ್ವಂತ ಬುದ್ಧಿ ಇಲ್ವಾ?" ಎಂದು ಅಮ್ಮ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುವುದು ಎಂದುಕೊಂಡೆ.

ತನಿಖೆ ಶುರುವಾಯಿತು. ಮೊದಲ ಸಂಶಯ ಪಕ್ಕದ ಮನೆಯ ನಾಗರತ್ನಮ್ಮನ ಮೇಲೆ. ಅವರಲ್ಲಿ ಸುಡುವುದೇ ಪದ್ಧತಿ, ದಿನಾ ಬೇಲಿಯ ಹತ್ತಿರ ನಿಂತು ಅಮ್ಮನ ಜೊತೆ ಗಂಟೆಗಟ್ಟಲೆ ಪಿಸುಗುಟ್ಟುವುದೂ ಅವರೇ. ನೇರವಾಗಿ ಹೋಗಿ ಕೇಳಿದೆ. "ಅಯ್ಯೋ ದೇವ್ರೇ! ನಾನೂ ನಿಮ್ಮಮ್ಮನೂ ಮಾತಾಡೋದು ಸೊಸೆಯಂದಿರ ವಿಷ್ಯ ಮಾತ್ರ ವಿನ್ಸೆಂಟಣ್ಣ. ಅದೇ ಮುಗಿಯಲ್ಲ, ಇನ್ನು ಸಾಯೋ ವಿಷ್ಯಕ್ಕೆ ಪುರಸೊತ್ತು ಎಲ್ಲಿದೆ?" ಎಂದರು. ಇದನ್ನು ಮನೆಗೆ ಬಂದು ಹೆಂಡತಿ ಲೀನಾಳಿಗೆ ಹೇಳಿದ್ದು ನನ್ನ ತಪ್ಪು. ನನ್ನ ತನಿಖೆ ಒಂದು ಕಡೆ ಇರಲಿ, ಸೊಸೆಯ ವಿಷಯ ಏನು ಮಾತಾಡುತ್ತಾರೆ ಎಂದು ಅವಳೂ ಒಂದು ತನಿಖೆ ಶುರು ಮಾಡಿದಳು.

ಎರಡನೆಯ ಸಂಶಯ ನನ್ನ ತಂಗಿಯ ಗಂಡ ರೇಮಂಡನ ಮೇಲೆ. ಅವನಿರುವುದು ತೀರ್ಥಹಳ್ಳಿಯಲ್ಲಿ. ಮೊಬೈಲಿನಲ್ಲಿ ಜಗತ್ತಿನ ಸಮಾಚಾರವೆಲ್ಲ ಓದುತ್ತಾನೆ, ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಮುನ್ಸೂಚನೆ ಕೊಡದೆ ಬಸ್ಸು ಹತ್ತಿ ಅವನ ಮನೆಗೆ ಹೋದೆ. ಊಟಕ್ಕೆ ಕೂರಿಸಿ, ಮೀನಿನ ನಡುವಿನ ತುಂಡನ್ನೇ ಹುಡುಕಿ ನನಗೆ ಬಡಿಸಿದ. ನನ್ನ ಸಂಶಯ ಅಲ್ಲೇ ಅರ್ಧ ಗಟ್ಟಿಯಾಯಿತು. "ಅತ್ತೆ ನನ್ನ ಹತ್ರಾನೂ ಹೇಳಿದ್ರು ಭಾವ. ಸುಡೋಕೆ ಧರ್ಮಸಭೆಯ ಅಡ್ಡಿ ಇಲ್ಲ. ಬೂದಿನ ಪವಿತ್ರ ಜಾಗದಲ್ಲಿ ಇಟ್ರೆ ಆಯ್ತು. ನಿಂಗೆ ಇಷ್ಟ ಇಲ್ಲ ಅನ್ನೋದು ಗೊತ್ತು. ನಿನ್ನ ಅಭಿಪ್ರಾಯನೂ ನಾನು ಗೌರವಿಸ್ತೀನಿ" ಎಂದ. ಸಿಕ್ಕಿಬಿದ್ದ ಕಳ್ಳ! ಆ ಮೀನನ್ನು ಅರ್ಧಕ್ಕೇ ಬಿಟ್ಟು ಎದ್ದೆ ಎಂದು ಬರೆಯಬೇಕೆಂದಿದೆ, ಆದರೆ ಪೂರ್ತಿ ತಿಂದೇ ಎದ್ದದ್ದು.

ಮನೆಗೆ ಬಂದು ಗೆದ್ದವನಂತೆ ಎಲ್ಲ ವರದಿ ಒಪ್ಪಿಸಿದೆ. ಲೀನಾ ಕೇಳಿಸಿಕೊಂಡು, "ರೀ, ತೀರ್ಥಹಳ್ಳಿವರೆಗೆ ಹೋಗಿ ಬಂದ್ರಿ. ಒಳಗಿನ ಕೋಣೆಯಲ್ಲಿ ಅಮ್ಮ ಕೂತಿದಾರೆ, ಅವರ ಹತ್ರ ಒಂದ್ಸಲ ಹೋಗಿ ಕೂತ್ಕೊಳ್ಳಿ" ಎಂದಳು. "ಓಹೋ, ನೀನೂ ಅವರ ಗುಂಪಾ?" ಎಂದೆ. ಅದಾದ ಮೇಲೆ ಎರಡು ದಿನ ಸಾರಿಗೆ ಉಪ್ಪಿರಲಿಲ್ಲ.

ಮುಂದಿನ ವಾರ್ಡ್ ಕೂಟ ನಮ್ಮ ಮನೆಗೇ ಬಂತು. ಎಲ್ಲರೂ ಸೇರಿದ್ದರು. ತೀರ್ಥಹಳ್ಳಿಯಿಂದ ರೇಮಂಡ್ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಕರೆಯದೆ ಯಾಕೆ ಬಂದ? ನಾಗರತ್ನಮ್ಮ ಕಾಫಿಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಜಪಸರ ಮುಗಿದದ್ದೇ ತಡ, ಅಮ್ಮ ಸೆರಗು ಸರಿಮಾಡಿಕೊಂಡು, "ಫಾದರ್, ನಂದು ಒಂದು ವಿಷ್ಯ ಇದೆ. ನನ್ನ ಸುಡ್ಬೇಕು ಅಂತ ನಾನು, ಹೂಳ್ಬೇಕು ಅಂತ ಇವನು" ಎಂದಳು. ಸೈಮನ್ ಮಾಮ ಶಿಲುಬೆಯ ಗುರುತು ಹಾಕಿಕೊಂಡರು. ನಾನು ನನ್ನ ವಾದವನ್ನು ಸಿದ್ಧ ಮಾಡಿಕೊಂಡೇ ಕೂತಿದ್ದೆ. ಹಿರಿಯರ ಪದ್ಧತಿ, ಊರವರ ಬಾಯಿ, ಎಲ್ಲವೂ ಅದರಲ್ಲಿದ್ದವು. ಫಾದರ್ ಮಾತ್ರ, "ನಿಯಮ ಗೊತ್ತಲ್ಲ? ಮೊದ್ಲು ಅಮ್ಮ ಹೇಳ್ಲಿ. ವಿನ್ಸೆಂಟ್ ಯಾಕೆ ಬೇಡ ಅಂತಾರೆ?" ಎಂದರು.

ಅಮ್ಮ ನನ್ನನ್ನೇ ನೋಡುತ್ತಾ ಹೇಳಿದಳು. "ಜನ ಏನಂತಾರೆ, ಹಿರಿಯರು ಏನಂತಾರೆ ಅಂತ ಏನೇನೋ ಹೇಳ್ತಾನೆ ಫಾದರ್. ಅದ್ಯಾವುದೂ ಅಲ್ಲ. ಸತ್ತವರ ಹಬ್ಬದ ದಿನ ಎಲ್ರೂ ಮನೆಗೆ ಹೋದ್ಮೇಲೂ ಇವನು ಅವರಪ್ಪನ ಗೋರಿ ಹತ್ರ ಒಬ್ನೇ ಕೂತಿರ್ತಾನೆ. ಮೊಂಬತ್ತಿ ಕರಗಿ ಹೋದ್ರೂ ಏಳಲ್ಲ. ನನ್ನ ಸುಟ್ರೆ ಒಂದು ಮಡಕೆ ಬೂದಿ ಉಳಿಯುತ್ತೆ, ಅದ್ರ ಹತ್ರ ಏನಂತ ಕೂರೋದು, ಅಮ್ಮ ಇದಾಳೆ ಅಂತ ಹೇಗೆ ಅನ್ಸುತ್ತೆ ಅಂತ ಇವನಿಗೆ ಹೆದರಿಕೆ. ಅಲ್ವಾ ಮಗಾ?"

ಅಷ್ಟು ದಿನ ನಾನು ಕೂಡಿಹಾಕಿದ್ದ ವಾದದಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಆದರೆ ಇದೇ ನಿಜ. ಅರವತ್ತು ದಾಟಿದ ಗಂಡಸು ಜನರ ಎದುರು ಅಳಬಾರದೆಂದು ಕೆಮ್ಮಿದೆ. "ಹೌದು, ಅದೇ" ಎಂದೆ.

"ಈಗ ನಿಮ್ಮ ಸರದಿ" ಎಂದರು ಫಾದರ್. "ಅಮ್ಮ ಯಾಕೆ ಸುಡ್ಬೇಕು ಅಂತಾರೆ?"

ನಾನು ಬಾಯಿ ತೆರೆದೆ. ಯಾರು ಹೇಳಿಕೊಟ್ಟರು, ಯಾವಾಗ ಹೇಳಿಕೊಟ್ಟರು, ಮೀನಿನ ಯಾವ ತುಂಡು ಬಡಿಸಿದರು, ಎಲ್ಲ ನನಗೆ ಗೊತ್ತಿತ್ತು. ಯಾಕೆ ಎಂಬುದೊಂದು ಗೊತ್ತಿರಲಿಲ್ಲ. ತಿಂಗಳಿಡೀ ಊರೂರು ಅಲೆದವನು, ಪಕ್ಕದ ಕೋಣೆಯಲ್ಲಿದ್ದ ಅಮ್ಮನನ್ನು ಒಂದು ಸಲವೂ ಅದನ್ನು ಕೇಳಿರಲಿಲ್ಲ. "ಗೊತ್ತಿಲ್ಲ ಫಾದರ್" ಎಂದೆ.

"ಹಾಗಾದ್ರೆ ಕೇಳಿ."

"ಯಾಕಮ್ಮ?"

"ನಿಮ್ಮಪ್ಪನ್ನ ಹೂಳಿದ್ದು ಜುಲೈಯಲ್ಲಿ" ಎಂದಳು ಅಮ್ಮ. "ಗುಂಡಿ ತುಂಬ ನೀರು. ಕೊಡದಲ್ಲಿ ಎತ್ತಿ ಎತ್ತಿ ಚೆಲ್ಲಿದ್ರು, ಮತ್ತೆ ತುಂಬ್ತು. ಪೆಟ್ಟಿಗೆ ಇಳಿಸಿದ್ರೆ ಅದು ತೇಲ್ತಾ ಇತ್ತು. ಆಗ ನೀನು ನನ್ನ ಹೆಗಲು ಹಿಡ್ಕೊಂಡು ಅಳ್ತಾ ಏನಂದೆ? 'ಅಪ್ಪಂಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲ ಅಮ್ಮ. ಇದಕ್ಕಿಂತ ಸುಟ್ಟಿದ್ರೆ ಬೆಚ್ಚಗಾದ್ರೂ ಹೋಗ್ತಿದ್ರು. ನಿಂಗೆ ಮಾತ್ರ ನಾನು ಹೀಗೆ ಮಾಡಲ್ಲ' ಅಂದೆ. ನೀನು ಮರ್ತೆ, ನಾನು ಮರೀಲಿಲ್ಲ. ಮಗ ಕೊಟ್ಟ ಮಾತು ನಡೀಲಿ ಅಂತ ನಾನು ಹೇಳಿದ್ರೆ, ನೀನು ಯಾರು ಹೇಳಿಕೊಟ್ರು ಅಂತ ಊರೆಲ್ಲ ಸುತ್ತಿದೆ."

ಸೈಮನ್ ಮಾಮ ಮೂಗು ಒರೆಸಿಕೊಂಡರು. ನಾಗರತ್ನಮ್ಮ ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ, ಲೀನಾ ನೋಡಿದ್ದನ್ನಂತೂ ಕೇಳಲೇಬೇಡಿ.

"ಸರಿ ವಿನ್ಸೆಂಟ್" ಎಂದರು ಫಾದರ್, ಅದೇ ಮೆತ್ತಗಿನ ದನಿಯಲ್ಲಿ. "ಅಮ್ಮ ಹೇಳಿದ್ದನ್ನ ಈಗ ನಿಮ್ಮ ಮಾತಲ್ಲಿ ಹೇಳಿ."

ನನ್ನ ಮಾತನ್ನೇ ನನ್ನ ಮಾತಿನಲ್ಲಿ ಹೇಳಬೇಕಾಗಿ ಬಂತು. ಎದ್ದು ನಿಂತು, ನೆಲ ನೋಡುತ್ತಾ, ಸಣ್ಣ ದನಿಯಲ್ಲಿ ಹೇಗೋ ಹೇಳಿ ಮುಗಿಸಿದೆ. ಅಮ್ಮ "ಹೌದು" ಎನ್ನಲಿ ಎಂದು ಕಾದೆ. ಅಮ್ಮ ಕಣ್ಣೊರೆಸಿಕೊಂಡು ಹಿಂದಿನ ಬೆಂಚಿನ ಕಡೆ ನೋಡಿ, "ಇನ್ನೂ ಸ್ವಲ್ಪ ಗಟ್ಟಿ ಹೇಳು ಮಗಾ, ರೇಮಂಡಂಗೆ ಕೇಳ್ಸಿಲ್ಲ" ಎಂದಳು.