ಊರು ಮರೆತ ಜಿಗಿಹುಳು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಅದನ್ನು ನಾಲ್ಕು ದಿನ ಬಿಟ್ಟು, ನೆನಪಿನಿಂದಲೇ ಬರೆಯುತ್ತೇನೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿಸಿದ್ದು ಒಂದು ಜಿಗಿಹುಳು. ಎಲೆಯ ರಸ ಹೀರುತ್ತ ಕೂತು, ಕೈ ಹತ್ತಿರ ಹೋದರೆ ಟಪ್ಪೆಂದು ಹಾರುವ, ಅಕ್ಕಿಕಾಳಿಗಿಂತ ಚಿಕ್ಕ ಪ್ರಾಣಿ. ಸಾಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ನಾನು ಅದರಲ್ಲೊಂದು ಬಿಳಿ ಪಟ್ಟೆಯ ಹೊಸ ಜಾತಿ ಕಂಡುಹಿಡಿದಿದ್ದೆ. ಹೊಸದೆಂದು ಸಾಧಿಸಬೇಕಾದರೆ ಗಂಡುಹುಳುವಿನ ಹೊಟ್ಟೆಯ ತುದಿ ಕತ್ತರಿಸಿ, ಕ್ಷಾರದಲ್ಲಿ ಕುದಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಅದರ ಜನನಾಂಗದ ಚಿತ್ರ ಬರೆಯಬೇಕು. "ನಾಚಿಕೆ ಆಗಲ್ವೇನ್ರೀ?" ಎಂದು ನನ್ನ ಹೆಂಡತಿ ವಸುಧಾ ಕೇಳಿದ್ದುಂಟು. ನನ್ನಲ್ಲಿದ್ದ ಗಂಡು ಒಂದೇ ಒಂದು. ಅದು ಸಿಕ್ಕಿದ ಊರನ್ನೇ ಸೇರಿಸಿ, ಅರಳಸುರಳಿಯದು ಎಂಬರ್ಥದ ಲ್ಯಾಟಿನ್ ಹೆಸರು ಹೊಸೆದು, ಲೇಖನ ಮುಗಿಸಿದ್ದೆ.

ಕಳಿಸುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಹುಳುವಿದ್ದ ಸ್ಪಿರಿಟ್ ಸೀಸೆ ತೆಗೆದರೆ, ಒಳಗಿನ ಚೀಟಿ ಬೆಳ್ಳಗಿದೆ! ಊರಿಲ್ಲ, ತಾರೀಖಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ತಂದ ಅಷ್ಟೂ ಸೀಸೆಗಳಲ್ಲಿ ಬಿಳಿ ಚೀಟಿ. ಸ್ಪಿರಿಟ್‌ನಲ್ಲಿ ಶಾಯಿ ನಿಲ್ಲುವುದಿಲ್ಲ, ಪೆನ್ಸಿಲ್‌ನಲ್ಲೇ ಬರೆಯಿರಿ ಎಂದು ಪ್ರತಿವರ್ಷ ವಿದ್ಯಾರ್ಥಿಗಳ ತಲೆ ತಿನ್ನುವವನು ನಾನೇ. ಆ ಸುತ್ತಾಟಕ್ಕೆ ಪೆನ್ಸಿಲ್ ಒಯ್ಯಲು ಮರೆತು ಜೆಲ್ ಪೆನ್ನಿನಲ್ಲಿ ಬರೆದವನೂ ನಾನೇ. ಎಲ್ಲಿಯದೆಂದು ಹೇಳಲಾಗದ ಹುಳುವಿನ ಲೇಖನವನ್ನು ಯಾರೂ ಪ್ರಕಟಿಸುವುದಿಲ್ಲ.

"ಅರಳಸುರಳಿಯೇ. ಗದ್ದೆಯಂಚಿನ ಪೊದೆ, ಮಜ್ಜಿಗೆ ಕೊಟ್ಟ ಅಜ್ಜಿ, ಎಲ್ಲ ಕಣ್ಣಿಗೆ ಕಟ್ಟಿದಂಗಿದೆ," ಎಂದೆ.

"ಎಂತ ಅರಳಸುರಳಿ ಮಾರಾಯ್ರೆ! ಹೊಸನಗರ ಬಸ್‌ಸ್ಟ್ಯಾಂಡ್ ಹಿಂದೆ ನನ್ನ ಛತ್ರಿ ಮುರಿದ್ರಲ್ಲ, ಅವತ್ತು ಸಿಕ್ಕಿದ್ದು," ಎಂದಳು ವಸುಧಾ. ಛತ್ರಿಯನ್ನು ಬಿಚ್ಚಿ ಅಂಗಾತ ಹಿಡಿದು ಮೇಲಿನ ಪೊದೆಗೆ ಕೋಲಿನಿಂದ ಬಡಿದರೆ ಹುಳುಗಳು ಅದರೊಳಗೆ ಉದುರುತ್ತವೆ. ಇದು ನಮ್ಮ ಶಾಸ್ತ್ರದ ಪದ್ಧತಿ. ಹೆಂಡತಿಯ ಹೊಸ ಛತ್ರಿ ಬಳಸುವುದು ಪದ್ಧತಿಯಲ್ಲ. "ಜನ ಸೇರಿದ್ರು. ಒಬ್ರು 'ಎಂತ ಕಳ್ಕೊಂಡ್ರಿ?' ಅಂತ ಕೇಳಿದ್ರೆ ನೀವು 'ಸಿಕ್ತು, ಬಿಳಿ ಪಟ್ಟೆ!' ಅಂತ ಕುಣಿದ್ರಿ. ನಾನು ಯಾರೋ ಅನ್ನೋ ಹಾಗೆ ಆಚೆ ನಿಂತಿದ್ದೆ."

ದಿನಚರಿ ತೆರೆದೆ. "ಹೊಸನಗರದಲ್ಲಿ ಪತ್ರೊಡೆ. ಖಾರ ಹೆಚ್ಚು." ಹುಳುವಿನ ಸುದ್ದಿಯೇ ಇಲ್ಲ. ಮಜ್ಜಿಗೆಯ ಅಜ್ಜಿ ಸಿಕ್ಕಿದ್ದು ಹಿಂದಿನ ವರ್ಷದ ಪುಟದಲ್ಲಿ! ಈ ಸಲ ನಾವು ಅರಳಸುರಳಿಗೆ ಹೋಗಿಯೇ ಇರಲಿಲ್ಲ. ಆ ಅಜ್ಜಿಯನ್ನು ಈ ವರ್ಷಕ್ಕೆ ಕರೆತಂದು ಕೂರಿಸಿದವನು ನಾನೇ ಎಂದು ತಿಳಿದಾಗ, ನನ್ನ ಮದುವೆಯ ದಿನದ ನೆನಪಿನ ಮೇಲೂ ಅನುಮಾನ ಬಂತು.

ಭಾನುವಾರ, ರಿಪೇರಿಯಾದ ಛತ್ರಿ ಹಿಡಿದು ಇಬ್ಬರೂ ಹೊಸನಗರಕ್ಕೆ ಹೋದೆವು. ಅದೇ ಪೊದೆ. ಮೂರನೇ ಏಟಿಗೆ ಬಿಳಿ ಪಟ್ಟೆಯ ಎರಡು ಹುಳು ಉದುರಿದವು. ಮನೆಗೆ ತಂದು ನೋಡಿದರೆ ಎರಡೂ ಗಂಡು, ಎರಡೂ ಅದೇ ಜಾತಿ. ಲೇಖನ ಉಳಿಯಿತು. ಕೃತಜ್ಞತೆಯಿಂದ, "ನಿನ್ನ ಹೆಸರೇ ಇಡ್ತೀನಿ," ಎಂದೆ.

"ಹೊಟ್ಟೆ ಕೊಯ್ದು ಕುದಿಸೋ ಪ್ರಾಣಿಗೆ ನನ್ನ ಹೆಸರ್ಯಾಕೆ? ಹೊಸನಗರದ್ದೇ ಇಡಿ."

ಅಂದೇ ಸಂಜೆ, ನಾಲ್ಕು ದಿನ ಕಾಯದೆ, ದಿನಚರಿ ಬರೆಯಲು ಕೂತೆ: "ಹುಳು ಸಿಕ್ಕಿದ್ದು ಹೊಸನಗರದಲ್ಲಿ ಎಂದು ನೆನಪಾಯಿತು." ಹಿಂದಿನಿಂದ ಬಗ್ಗಿ ಓದಿದ ವಸುಧಾ ನನ್ನ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟಳು. "ಯಾರಿಗೆ ನೆನಪಾಯ್ತು ಅಂತಾನೂ ಬರೀರಿ. ಅಳಿಸಿಹೋಗಬಾರದು."

ಬರೆದೆ. ಸ್ಪಿರಿಟ್‌ಗೆ ಜಗ್ಗದ ಪೆನ್ಸಿಲ್ ರಬ್ಬರಿಗೆ ಜಗ್ಗುತ್ತದೆ ಎಂಬುದನ್ನು ಮಾತ್ರ ಅವಳಿಗೆ ನೆನಪಿಸಲಿಲ್ಲ.