ಇಗ್ರಾನಿನ ಅಧಿಕೃತ ಧೂಳು

ನಂಬದವರು ತಮ್ಮ ಅಪನಂಬಿಕೆಯನ್ನು ಮೂರು ಪ್ರತಿಗಳಲ್ಲಿ ಬರೆದು, ಮೊಹರು ಹಾಕಿಸಿ, ಇಗ್ರಾನ್ ಸೌರ ವಿದ್ಯುತ್ ಕೇಂದ್ರದ ಮೂರನೆಯ ಕಿಟಕಿಯಲ್ಲಿ ಸಲ್ಲಿಸತಕ್ಕದ್ದು. ಕಿಟಕಿ ಮಂಗಳವಾರ ಮಾತ್ರ ತೆರೆಯುತ್ತದೆ. ಮಂಗಳವಾರ ಸಂತೆ ಇರುವುದರಿಂದ ಗುಮಾಸ್ತ ಇರುವುದಿಲ್ಲ. ಉಳಿದವರು ಈ ಸಂಗತಿಯನ್ನು ಸತ್ಯವೆಂದು ಗ್ರಹಿಸುವುದು: ಮೊರಾಕ್ಕೊ ದೇಶದ ತೆಂಕಣ ಅಂಚಿನಲ್ಲಿ, ಮರಳುಗಾಡಿನ ಮಗ್ಗುಲಲ್ಲೇ ಮಲಗಿರುವ ಇಗ್ರಾನ್ ಬಯಲಿನಲ್ಲಿ, ಆ ಬೇಸಿಗೆಯ ಆರು ವಾರ ಒಂದು ಕಣ ಧೂಳೂ ಬೀಳಲಿಲ್ಲ. ಹಿಂದಿನ ಮೂರು ವರ್ಷಗಳಲ್ಲೂ ಬಿದ್ದಿರಲಿಲ್ಲ. ಇದನ್ನು ಕಂಡುಹಿಡಿದವನು ಅಕ್ಸಿಲ್.

ಅಕ್ಸಿಲ್ ಯಾರೆಂದು ಕೇಳುವವರು ಆ ಬಯಲಿನವರಲ್ಲ. ಇಗ್ರಾನ್ ಊರಿನ ತುದಾಳ ಮಗ. ಆಡು ಕಾಯುತ್ತಲೇ ಲೆಕ್ಕ ಕಲಿತವನು, ಮರ್ರಾಕೆಶ್‌ನಲ್ಲಿ ದತ್ತಾಂಶ ವಿಜ್ಞಾನ ಓದಿ ತರಗತಿಗೆ ಎರಡನೆಯವನಾಗಿ ಬಂದವನು. ಮೊದಲನೆಯವಳು ಮೇಷ್ಟ್ರ ಮಗಳಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಅಟ್ಲಾಸ್ ಬೆಟ್ಟದಿಂದ ಮರಳಿನವರೆಗೆ ತನ್ನಷ್ಟು ಅಂಕಿ ಬಲ್ಲವನು ಇನ್ನೊಬ್ಬನಿಲ್ಲ ಎಂದು ಅವನೇ ಹೇಳುತ್ತಿದ್ದ. ಬೇರೆ ಯಾರೂ ಹೇಳದಿದ್ದುದಕ್ಕೆ ಕಾರಣ, ಬೇರೆಯವರಿಗೆ ಅಂಕಿ ಬಾರದಿದ್ದುದು.

ಅವನಿಗೆ ಬೇಕಾಗಿದ್ದದ್ದು ಸಂಬಳವಲ್ಲ, ನೀರು. ಇಗ್ರಾನಿನ ಹೊಲಗಳಿಗೆ ನೀರು ಬರುವುದು ಖೆತ್ತಾರದಿಂದ, ಅಂದರೆ ಮುತ್ತಾತಂದಿರು ಬೆಟ್ಟದ ಬುಡದಿಂದ ತೋಡಿಕೊಂಡು ಬಂದ ನೆಲದಡಿಯ ಕಾಲುವೆಯಿಂದ. ಯಾರಿಗೆ ಎಷ್ಟು ಹೊತ್ತು ಎಂಬುದನ್ನು ನೀರಗಂಟಿ ಉಸ್ಸಾದನ್ ಅಜ್ಜ ಗಳಿಗೆ ಬಟ್ಟಲಲ್ಲಿ ಅಳೆಯುತ್ತಾನೆ. ತೂತಿನ ಬಟ್ಟಲು ಮುಳುಗಿತೋ, ನಿನ್ನ ಸರದಿ ಮುಗಿಯಿತು. ಸೌರ ಕೇಂದ್ರ ಬಂದಾಗ ಗವರ್ನರು ಊರಿಗೆ ಬಂದು ಮೂರು ಲೋಟ ಪುದೀನಾ ಚಹಾ ಕುಡಿದು, ಫಲಕಗಳನ್ನು ತೊಳೆಯಲು ವಾರಕ್ಕೆ ಮೂರು ದಿನದ ನೀರನ್ನು ಕೇಂದ್ರಕ್ಕೆ ಬರೆಸಿಕೊಂಡು ಹೋದರು. ಆ ಮೂರು ದಿನದಲ್ಲಿ ತುದಾಳ ಸರದಿಯೂ ಸೇರಿತ್ತು. ಅವಳ ಬಾರ್ಲಿ ಹೊಲ ಮೊದಲ ವರ್ಷ ಹಳದಿಯಾಯಿತು, ಎರಡನೆಯ ವರ್ಷ ಬೂದಿ ಬಣ್ಣಕ್ಕೆ ತಿರುಗಿತು, ಮೂರನೆಯ ವರ್ಷ ಗಾಳಿ ಬಂದರೆ ಎದ್ದು ನಡೆಯತೊಡಗಿತು.

ಆದರೆ ಉಸ್ಸಾದನ್ ಅಜ್ಜ ಹಟಮಾಡಿ ಒಪ್ಪಂದದಲ್ಲಿ ಊರಿನ ಹಳೆಯ ಕಟ್ಟಳೆಯೊಂದನ್ನು ಸೇರಿಸಿದ್ದ. "ಸತತ ಏಳು ಸರದಿ ನೀರು ಎತ್ತದವನ ಪಾಲು ಊರಿಗೆ ಮರಳತಕ್ಕದ್ದು." ನಿರ್ದೇಶಕರು ಅದನ್ನು ಜಾನಪದವೆಂದು ತಿಳಿದು ಸಹಿ ಹಾಕಿದ್ದರು.

"ಅವ್ವಾ, ನೋಡ್ತಿರು. ಕೇಂದ್ರದವರೇ ತಾವಾಗಿ ನೀರು ಬಿಡೋ ಹಾಗೆ ಮಾಡ್ತೀನಿ. ನಿನ್ನ ಹೊಲಕ್ಕೆ ನೀರು ಬರಲಿಲ್ಲ ಅಂದ್ರೆ ನನ್ನ ಹೆಸರನ್ನ ನಮ್ಮ ಕತ್ತೆಗಿಡು," ಎಂದ ಅಕ್ಸಿಲ್.

"ಕತ್ತೆಗೆ ಆಗಲೇ ಹೆಸರಿದೆ ಕಣೋ," ಎಂದಳು ತುದಾ. "ಇಟ್ಟ ಹೆಸರಿಗೆ ತಕ್ಕ ಹಾಗೆ ನಡಕೊಂಡೂ ಇದೆ."

ಅಕ್ಸಿಲ್ ಕೇಂದ್ರಕ್ಕೆ ಹಂಗಾಮಿ ನೌಕರನಾಗಿ ಸೇರಿದ. ಅಲ್ಲಿ ಫಲಕಗಳ ಸಾಲಿನ ನಡುವೆ ಒಂದು ಕಂಬ, ಕಂಬದ ಮೇಲೆ ಅಂಗೈಯಗಲದ ಎರಡು ಗಾಜು. ಒಂದನ್ನು ದಿನಾ ಒರೆಸಬೇಕು, ಇನ್ನೊಂದನ್ನು ಮುಟ್ಟಬಾರದು. ಒರೆಸಿದ ಗಾಜಿಗೂ ಒರೆಸದ ಗಾಜಿಗೂ ಇಳಿಯುವ ಬೆಳಕಿನ ವ್ಯತ್ಯಾಸವೇ ಆ ದಿನದ ಧೂಳು. ಮೂರು ವರ್ಷದಿಂದ ಆ ಅಂಕಿಗಳು ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು, ಯಾರೂ ತೆರೆದು ನೋಡಿರಲಿಲ್ಲ. ಫಲಕಗಳನ್ನು ಪಂಚಾಂಗ ನೋಡಿ ತೊಳೆಯುತ್ತಿದ್ದರು: ಸೋಮವಾರ ಬಂತು, ತೊಳೆ.

ಅಕ್ಸಿಲ್ ನಲವತ್ತು ದಿನ ಕೂತು, ಧೂಳು ಯಾವಾಗ ಬೀಳುತ್ತದೆ, ಯಾವಾಗ ತೊಳೆಯಬೇಕು ಎಂದು ಮುಂಚಿತವಾಗಿ ಹೇಳುವ ಗಣಕ ವ್ಯವಸ್ಥೆಯೊಂದನ್ನು ಕಟ್ಟಿದ. ಅದು ಮೂರು ವರ್ಷದ ಅಂಕಿಗಳನ್ನು ನುಂಗಿ, ಒಂದು ರಾತ್ರಿ ಅರಗಿಸಿಕೊಂಡು, ಉತ್ತರ ಕೊಟ್ಟಿತು: ಸೊನ್ನೆ. ನಾಳೆಯ ಧೂಳು ಸೊನ್ನೆ, ನಾಡಿದ್ದಿನದು ಸೊನ್ನೆ, ಬರುವ ವರ್ಷ ರಂಜಾನಿನವರೆಗೂ ಸೊನ್ನೆ. ಪರೀಕ್ಷಿಸಿ ನೋಡಿದರೆ ತಪ್ಪೂ ಸೊನ್ನೆ. ಮುನ್ಸೂಚನೆ ನೂರಕ್ಕೆ ನೂರು ನಿಜ.

ಇಂಥ ಫಲಿತಾಂಶ ಜಗತ್ತಿನಲ್ಲಿ ಯಾರಿಗೂ ಬಂದಿಲ್ಲ ಎಂದು ಅಕ್ಸಿಲ್ ಕ್ಯಾಂಟೀನಿನಲ್ಲಿ ಮೇಜು ಬಡಿದು ಹೇಳಿದ. ಅದು ನಿಜವೇ ಆಗಿತ್ತು.

ನಿರ್ದೇಶಕ ಸೀ ಗೆಸ್ಸೂಸ್ ಫೆಸ್ ನಗರದ ದೊಡ್ಡ ಮನೆತನದವರು. ಬಯಲಿಗೆ ಬಂದು ನಾಲ್ಕು ವರ್ಷವಾದರೂ ಅವರ ಬೂಟಿಗೆ ಬಯಲಿನ ಪರಿಚಯವಾಗಿರಲಿಲ್ಲ. ಅವರು ವರದಿಯ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಓದಿದರು.

"ಅಂದ್ರೆ ನಮ್ಮಲ್ಲಿ ಧೂಳೇ ಇಲ್ಲ?"

"ಡೇಟಾ ಹಾಗನ್ನುತ್ತೆ, ಸೀ ಗೆಸ್ಸೂಸ್."

"ನನಗೆ ಯಾವತ್ತೂ ಹಾಗೇ ಅನ್ನಿಸ್ತಿತ್ತು," ಎಂದು ಸೀ ಗೆಸ್ಸೂಸ್ ಕಿಟಕಿಯ ಪರದೆ ಎಳೆದುಕೊಂಡರು.

ಮರುದಿನ ಪ್ರಕಟಣೆ ಹೊರಬಿತ್ತು. "ಇಗ್ರಾನ್ ಕೇಂದ್ರವು ಧೂಳುರಹಿತವೆಂದು ವೈಜ್ಞಾನಿಕವಾಗಿ ದೃಢಪಟ್ಟಿರುವುದರಿಂದ ಫಲಕ ತೊಳೆಯುವ ಕಾರ್ಯವನ್ನು ನಿಲ್ಲಿಸಲಾಗಿದೆ. ನೌಕರರು ಧೂಳನ್ನು ಕಂಡಲ್ಲಿ ಅದನ್ನು ಮೊದಲು ಡೇಟಾದೊಂದಿಗೆ ತಾಳೆ ನೋಡತಕ್ಕದ್ದು." ರಾಜಧಾನಿಯಿಂದ ಅಭಿನಂದನೆ ಬಂತು. ಕೇಂದ್ರ ಮೊದಲ ವಾರದ ಸರದಿಯ ನೀರು ಎತ್ತಲಿಲ್ಲ. ಉಸ್ಸಾದನ್ ಅಜ್ಜ ಮಸೀದಿಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀಟು ಎಳೆದ.

ಎರಡನೆಯ ಗೀಟಿನ ಹೊತ್ತಿಗೆ ಶೆರ್ಗಿ ಬೀಸಿತು. ಶೆರ್ಗಿ ಎಂದರೆ ಮೂಡಣದ ಬಿಸಿಗಾಳಿ. ಅದು ಬೀಸಿದಾಗ ಆ ಕಡೆಯವರು ರೊಟ್ಟಿಯನ್ನು ಹಲ್ಲಿನಿಂದಲ್ಲ, ತಾಳ್ಮೆಯಿಂದ ತಿನ್ನುತ್ತಾರೆ. ಐದು ದಿನ ಬೀಸಿತು. ನಾಲ್ಕು ಲಕ್ಷ ಫಲಕಗಳು ಚಪಾತಿಯ ಬಣ್ಣಕ್ಕೆ ತಿರುಗಿದವು. ಡೇಟಾ ಸೊನ್ನೆ ತೋರಿಸಿತು. ವಿದ್ಯುತ್ತು ಮೂರನೆಯ ಒಂದು ಪಾಲು ಇಳಿಯಿತು.

ಫಲಕ ಹೊಸದು, ತಂತಿ ಹೊಸದು, ಧೂಳು ಇಲ್ಲ. ಉಳಿದದ್ದು ಸೂರ್ಯ ಮಾತ್ರ. "ಸೂರ್ಯನ ಕಾರ್ಯಕ್ಷಮತೆಯಲ್ಲಿ ಕುಸಿತ" ಎಂಬ ಕಡತ ತೆರೆದು, ಸಮಜಾಯಿಷಿ ಕೋರಿ ಹವಾಮಾನ ಇಲಾಖೆಗೆ ಕಳಿಸಲಾಯಿತು. ಸೂರ್ಯ ತಮ್ಮ ಅಧೀನದಲ್ಲಿಲ್ಲವೆಂದೂ, ಮೋಡದ ಬಗ್ಗೆ ದೂರಿದ್ದರೆ ಪ್ರತ್ಯೇಕ ನಮೂನೆಯಲ್ಲಿ ಸಲ್ಲಿಸಬೇಕೆಂದೂ ಇಲಾಖೆ ಉತ್ತರಿಸಿತು.

ಅಕ್ಸಿಲನಿಗೆ ಮೊದಲ ಬಾರಿ ತನ್ನ ಸೊನ್ನೆಯ ಮೇಲೆ ಸಂಶಯ ಬಂತು. ಒಂದು ಮುಂಜಾನೆ ಕಂಬದ ಬಳಿಗೆ ಹೋದ. ಕಾವಲುಗಾರ ಝಾಯಿದ್ ಏಣಿ ಹತ್ತಿ ನಿಂತಿದ್ದ. ಬಿಸ್ಮಿಲ್ಲಾ ಎಂದು ಒಂದು ಗಾಜಿಗೆ ಹಾ ಎಂದು ಉಸಿರು ಬಿಟ್ಟು ರುಮಾಲಿನ ಸೆರಗಿನಿಂದ ತಿಕ್ಕಿದ. ಆಮೇಲೆ ಇನ್ನೊಂದು ಗಾಜಿಗೂ ಬಿಸ್ಮಿಲ್ಲಾ ಎಂದ.

"ಮಾಮಾ, ಏನ್ ಮಾಡ್ತಿದ್ದೀಯಾ?"

"ಕಾಣಲ್ವಾ? ಮುಖ ತೊಳಿಸ್ತಿದ್ದೀನಿ."

"ಎರಡಕ್ಕೂ?"

"ಮತ್ತೆ? ಒಂದನ್ನ ಮಾತ್ರ ಒರೆಸು ಅಂತ ಕಾಗದ ಕೊಟ್ಟಿದ್ರು. ಅಣ್ಣನಿಗೆ ಸ್ನಾನ ಮಾಡಿಸಿ, ತಮ್ಮ ಸಿಂಬಳ ಸುರಿಸ್ಕೊಂಡು ಪಕ್ಕದಲ್ಲೇ ನಿಂತಿರಬೇಕಾ? ನಾಳೆ ನೆಂಟರು ಬಂದು ನೋಡಿದ್ರೆ ಇಗ್ರಾನಿನೋರ ಬಗ್ಗೆ ಏನಂತಾರೆ? ಅದೂ ಅಲ್ದೆ ಸುತ್ತೋಲೆ ಹದಿನಾಲ್ಕು ಇದೆಯಲ್ಲ, 'ಕಣ್ಣಿಗೆ ಬೀಳುವ ಗಾಜೆಲ್ಲ ಬೆಳಗಿನೊಳಗೆ ಶುಚಿಯಾಗಿರತಕ್ಕದ್ದು' ಅಂತ."

"ಎಷ್ಟು ದಿನದಿಂದ ಹೀಗೆ?"

"ಇದನ್ನ ನೆಟ್ಟ ದಿನದಿಂದ. ಮೂರು ವರ್ಷ. ನನ್ನ ಮಗಳ ಮದುವೆ ದಿನಾನೂ ಬಂದು ಒರೆಸಿ ಹೋಗಿದ್ದೀನಿ." ಝಾಯಿದ್ ಏಣಿಯಿಂದ ಬಗ್ಗಿ ನೋಡಿದ. "ನಿನ್ನ ಡೇಟಾ ಚೆನ್ನಾಗಿ ಬರ್ತಿದೆ ತಾನೆ, ಮಗಾ?"

ಅಕ್ಸಿಲ್ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ನಾಳೆಯೇ ತೊಳೆಯಲು ಶುರುಮಾಡುತ್ತಾರೆ. ಬಿಡದಿದ್ದರೆ ಇನ್ನು ಐದು ಗೀಟು.

"ಬಹಳ ಚೆನ್ನಾಗಿ ಬರ್ತಿದೆ ಮಾಮಾ," ಎಂದ. "ಆ ಮೂಲೇಲಿ ಸ್ವಲ್ಪ ಉಳಿದಿದೆ ನೋಡು."

ಮೂರು, ನಾಲ್ಕು, ಐದು. ಆರನೆಯ ಗೀಟು ಬಿದ್ದ ದಿನ ಊರಿನವರು ಕಾಲುವೆಯ ಬಾಯಿಯ ಹೂಳೆತ್ತಿದರು. ತುದಾ ಮೂರು ವರ್ಷದಿಂದ ಮಡಕೆಯಲ್ಲಿಟ್ಟಿದ್ದ ಬಾರ್ಲಿ ಬೀಜವನ್ನು ಹೊರಗೆ ತೆಗೆದು ಹುಳ ಆರಿಸತೊಡಗಿದಳು. ಮಗನನ್ನು ಹೊಗಳಲಿಲ್ಲ; ಅವನ ತಟ್ಟೆಯ ಕುಸ್‌ಕುಸ್ ಮೇಲೆ ಯಾರಿಗೂ ಕಾಣದಂತೆ ಒಂದು ತುಂಡು ಮಾಂಸ ಹೆಚ್ಚಾಗಿ ಹೂತಿಟ್ಟಳು.

ಅದೇ ವಾರ ಗುಣಮಟ್ಟ ವಿಭಾಗದ ಲಲ್ಲಾ ನುಝ್ಹಾ, ಉಳಿಸಿದ ನೀರಿನ ಬಗ್ಗೆ ಪ್ರಶಸ್ತಿಗೆ ಅರ್ಜಿ ಬರೆಯಲೆಂದು ಹಳೆಯ ಒಪ್ಪಂದ ತೆಗೆದು ಓದಿದರು. ಒಪ್ಪಂದವನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ಅವರೇ. ಮಧ್ಯಾಹ್ನಕ್ಕೆ ತುರ್ತು ಸಭೆ ಸೇರಿತು.

"ಏಳನೇ ಸರದಿ ನಾಡಿದ್ದು ಸೋಮವಾರ," ಎಂದರು ಲಲ್ಲಾ ನುಝ್ಹಾ. "ಅವತ್ತು ನೀರು ಎತ್ತಲಿಲ್ಲ ಅಂದ್ರೆ ನಮ್ಮ ಪಾಲು ಹೋಯ್ತು. ಶಾಶ್ವತವಾಗಿ."

"ಎತ್ತೋಣ," ಎಂದರು ಸೀ ಗೆಸ್ಸೂಸ್.

"ಯಾತಕ್ಕೆ ಅಂತ ಬರೆಯೋದು? ತೊಳೆಯೋದಕ್ಕೆ ಮಾತ್ರ ಅಂತ ಒಪ್ಪಂದದಲ್ಲಿದೆ. ತೊಳೀಬೇಕಾದ್ರೆ ಧೂಳು ಬೇಕು. ನಮ್ಮಲ್ಲಿ ಧೂಳಿಲ್ಲ ಅಂತ ರಾಜಧಾನಿಯಿಂದ ಅಭಿನಂದನೆ ಬಂದಿದೆ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೀವಿ."

ಎಲ್ಲರೂ ಚೌಕಟ್ಟಿನತ್ತ ನೋಡಿದರು. ಕಿಟಕಿಯಾಚೆ ನಾಲ್ಕು ಲಕ್ಷ ಫಲಕಗಳು ಚಪಾತಿಯಂತೆ ಸುಮ್ಮನೆ ಬಿದ್ದಿದ್ದವು.

ಅಕ್ಸಿಲನಿಗೆ ಒಳಗೊಳಗೇ ಹಿಗ್ಗು. ಈ ಗಂಟನ್ನು ಬಿಚ್ಚುವವನು ಹುಟ್ಟಿಲ್ಲ, ಗೆದ್ದೆ ಎಂದುಕೊಂಡ. ಗೆದ್ದವನಿಗೆ ಸುಮ್ಮನಿರಲು ಬರುವುದಿಲ್ಲ. "ಡೇಟಾಕ್ಕೆ ವಿರುದ್ಧವಾಗಿ ತೊಳೆಯೋದು ಅವೈಜ್ಞಾನಿಕ," ಎಂದ. "ಗಾಜಿನ ಮೇಲೆ ಧೂಳು ಬೀಳೋವರೆಗೂ ನನ್ನ ವ್ಯವಸ್ಥೆ ತೊಳೆಯೋ ಆದೇಶ ಕೊಡಲ್ಲ."

ಸೀ ಗೆಸ್ಸೂಸ್ ನಿಧಾನವಾಗಿ ಅವನತ್ತ ತಿರುಗಿದರು. "ಬಿದ್ರೆ ಕೊಡುತ್ತಾ?"

"ಬಿದ್ರೆ... ಕೊಡುತ್ತೆ."

"ಎಷ್ಟು ಬೀಳಬೇಕು?"

ಅಷ್ಟು ಜನರ ಮುಂದೆ ಗೊತ್ತಿಲ್ಲ ಎನ್ನುವುದು ಅಕ್ಸಿಲನ ಜಾಯಮಾನವಲ್ಲ. "ಒಂದು ಚಮಚ ಸಾಕು," ಎಂದುಬಿಟ್ಟ.

ಹಾಗೆ ದಾರಿ ಸಿಕ್ಕಿತು. ಗಾಜು ಒರೆಸುವುದನ್ನು ನಿಲ್ಲಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸುತ್ತೋಲೆ ಹದಿನಾಲ್ಕನ್ನು ರದ್ದುಮಾಡಲು ರಾಜಧಾನಿಯ ಒಪ್ಪಿಗೆ ಬೇಕು, ಅದಕ್ಕೆ ಹದಿನೆಂಟು ತಿಂಗಳು. ಒರೆಸಿದ ಗಾಜಿನ ಮೇಲೆ ಧೂಳು ಹಾಕಲು ಯಾರ ಒಪ್ಪಿಗೆಯೂ ಬೇಡ, ಏಕೆಂದರೆ ಅದನ್ನು ನಿಷೇಧಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

ನೀರು ಹೇಗೂ ಕೈತಪ್ಪಿತು, ಸುಳ್ಳು ಧೂಳಾದರೂ ಬೇಡವೆಂದು ಆಗ ಅಕ್ಸಿಲ್ ಎದ್ದು ನಿಂತು ಎಲ್ಲವನ್ನೂ ಹೇಳಿದ. ಝಾಯಿದ್ ಎರಡೂ ಗಾಜು ಒರೆಸುತ್ತಿರುವುದು, ಸೊನ್ನೆ ಸುಳ್ಳೆಂಬುದು, ಫಲಕದ ತುಂಬ ಮಣ್ಣಿರುವುದು.

"ಇದಕ್ಕೆ ಡೇಟಾ ಇದೆಯಾ?" ಎಂದು ಕೇಳಿದರು ಲಲ್ಲಾ ನುಝ್ಹಾ.

"ಕಣ್ಣಾರೆ ನೋಡಿದ್ದೀನಿ!"

"ನಿಮ್ಮ ಕಣ್ಣನ್ನ ಕೊನೇ ಸಲ ತಪಾಸಣೆ ಮಾಡಿಸಿ ಮೊಹರು ಹಾಕಿಸಿದ್ದು ಯಾವಾಗ?"

ಅಕ್ಸಿಲ್ ಕೂತ. ಅವನ ಹೇಳಿಕೆಯನ್ನು "ವೈಯಕ್ತಿಕ ಅನಿಸಿಕೆ" ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಇನ್ನು ಧೂಳಿನ ಗುಣಮಟ್ಟದ ಪ್ರಶ್ನೆ. ಅಧಿಕೃತ ಧೂಳು ಸ್ಥಳೀಯವಾಗಿರಬೇಕು, ನುಣುಪಾಗಿರಬೇಕು, ತೇವ ಇರಕೂಡದು, ಹುಲ್ಲಿನ ಬೇರು ಇರಕೂಡದು. ಹನ್ನೊಂದು ಕಡೆಯ ಮಣ್ಣನ್ನು ತರಿಸಿ ಜರಡಿ ಹಿಡಿದರು. ಒಂದು ಹೊಲದ ಮಣ್ಣು ಎಲ್ಲ ಪರೀಕ್ಷೆಯಲ್ಲೂ ಮೊದಲು ಬಂತು. ಮೂರು ವರ್ಷದಿಂದ ಅದಕ್ಕೆ ಹನಿ ನೀರು ತಾಕಿರಲಿಲ್ಲ. ತುದಾಳ ಹೊಲ.

ಸೋಮವಾರ ಮುಂಜಾನೆ ಝಾಯಿದ್ ಎರಡೂ ಗಾಜು ಒರೆಸಿ ಇಳಿದ. ಅಕ್ಸಿಲ್ ಏಣಿ ಹತ್ತಿ ಒಂದು ಗಾಜಿನ ಮೇಲೆ ಒಂದು ಚಮಚ ಹಾಕಿದ.

"ತಮ್ಮನಿಗೆ ಮತ್ತೆ ಮಣ್ಣು ಮೆತ್ತಿದೆಯಲ್ಲೋ!" ಎಂದು ಝಾಯಿದ್ ಕೆಳಗಿನಿಂದ ಬೈದ.

"ಮೇಲಿನ ಆದೇಶ, ಮಾಮಾ."

"ಹಾಗಾದ್ರೆ ಸರಿ. ನಾಳೆ ಒರೆಸ್ತೀನಿ."

ವ್ಯವಸ್ಥೆ ಕೂಗಿಕೊಂಡಿತು. ಕೇಂದ್ರ ನೀರು ಎತ್ತಿತು, ಫಲಕಗಳನ್ನು ತೊಳೆಯಿತು. ಉಸ್ಸಾದನ್ ಅಜ್ಜ ಗೋಡೆಯ ಆರು ಗೀಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಟ್ಟಳೆ ಕಟ್ಟಳೆಯೇ ಎಂದು ಹೇಳಿ ಮನೆಗೆ ಹೋದ.

ಸಂಜೆಗೆ ವಿದ್ಯುತ್ತು ಮೂರನೆಯ ಒಂದು ಪಾಲು ಏರಿತು. ಮುಂದಿನ ಸೋಮವಾರವೂ ಒಂದು ಚಮಚ, ಮತ್ತೆ ಏರಿಕೆ. ಎಂಟು ವಾರದ ಅಂಕಿಗಳನ್ನು ನುಂಗಿದ ಮೇಲೆ ವ್ಯವಸ್ಥೆಯೇ ತಾನಾಗಿ ಒಂದು ಸತ್ಯ ಕಂಡುಕೊಂಡಿತು: ಧೂಳು ಬಿದ್ದ ದಿನ ವಿದ್ಯುತ್ತು ಹೆಚ್ಚುತ್ತದೆ, ಆದ್ದರಿಂದ ಧೂಳು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಇದನ್ನು ಸೀ ಗೆಸ್ಸೂಸ್ ರಾಜಧಾನಿಯ ಸಮ್ಮೇಳನದಲ್ಲಿ ಮಂಡಿಸಿದರು. ಕರಾವಳಿಯ ಎರಡು ಕೇಂದ್ರಗಳು, ತಮ್ಮಲ್ಲಿ ಸಾಕಷ್ಟು ಧೂಳಿಲ್ಲವೆಂದು ವಿಷಾದಿಸಿ, ಇಗ್ರಾನ್ ಧೂಳಿಗೆ ಬೇಡಿಕೆ ಸಲ್ಲಿಸಿದವು.

ಈಗ ಊರಲ್ಲಿ ಯಾರಿಗೂ ಗೊಣಗಾಟವಿಲ್ಲ. ತುದಾಳ ಹೊಲಕ್ಕೆ ಬೇಲಿ ಬಂದಿದೆ, ಮೂಟೆಗೆ ಇಷ್ಟೆಂದು ಧೂಳಿನ ಹಣ ಬರುತ್ತಿದೆ, "ರಾಷ್ಟ್ರೀಯ ಧೂಳು ಮೂಲ, ನೀರು ಚೆಲ್ಲುವುದನ್ನು ನಿಷೇಧಿಸಲಾಗಿದೆ" ಎಂಬ ಬೋರ್ಡು ಬಂದಿದೆ. ಅಕ್ಕಪಕ್ಕದವರು ತಮ್ಮ ಹೊಲವನ್ನೂ ಒಣಗಿಸಿಕೊಡಬೇಕೆಂದು ಅರ್ಜಿ ಹಾಕಿದ್ದಾರೆ. ಅಟ್ಲಾಸ್ ಕಡೆಯಿಂದ ಮೋಡ ಏಳುವುದು ಕಂಡರೆ ತುದಾ, "ಅಯ್ಯೋ, ಈ ಹಾಳು ಮಳೆ ಬಂದು ಹೊಲ ಕೆಡಿಸ್ಬಿಡುತ್ತಲ್ಲಪ್ಪಾ!" ಎಂದು ಕೂಗಿಕೊಂಡು ಟಾರ್ಪಾಲು ಹೊತ್ತು ಓಡುತ್ತಾಳೆ.

ಅಕ್ಸಿಲನಿಗೆ ಎರಡನೆಯ ದರ್ಜೆಯ ಧೂಳು ಸಹಾಯಕನ ಕಾಯಂ ಹುದ್ದೆ, ಒಂದು ಜರಡಿ, ಒಂದು ಚಮಚ ಕೊಟ್ಟರು.