ಚಿಕ್ಕಮಲ್ಲಮ್ಮನವರ ಕಾನೂನುಬದ್ಧ ನಲ್ಲಿ

ಗುಂಡ್ಲುಪೇಟೆಯ ಆ ಬೀದಿಯಲ್ಲಿ ಇದುವರೆಗೆ ಯಾರೂ ಮಾಡದ ಸಾಹಸವೊಂದನ್ನು ತಾನು ಮಾಡಿ ತೋರಿಸುವುದಾಗಿ ಚಿಕ್ಕಮಲ್ಲಮ್ಮ ಒಂದು ಮಂಗಳವಾರ ಬೆಳಿಗ್ಗೆ ಘೋಷಿಸಿದರು. ಮನೆಯ ನೀರಿನ ಪೈಪನ್ನು ಕಾನೂನಿನ ಪ್ರಕಾರ, ಅರ್ಜಿ ಕೊಟ್ಟು, ಪರವಾನಗಿ ಪಡೆದು, ಒಂದಕ್ಷರವೂ ತಪ್ಪದಂತೆ ಬದಲಾಯಿಸುವುದು!

ಬಂಡೀಪುರದ ಅರಣ್ಯ ಇಲಾಖೆಯ ಕೆಲಸಕ್ಕೆ ಹೊರಡಲು ಬೂಟು ಕಟ್ಟಿಕೊಳ್ಳುತ್ತಿದ್ದ ಮಗ ಸೋಮೇಶ್ ತಲೆಯೆತ್ತಿದ.

"ಅವ್ವ, ಪ್ಲಂಬರ್ ಚಿಕ್ಕಮಾದುನ ಕರೆದ್ರೆ ಬಾನ್ವಾರ ಮದ್ಯಾನದೊಳಗೆ ಮುಗಿಸ್ಬುಡ್ತಾನೆ. ಅರ್ಜಿ ಗಿರ್ಜಿ ಯಾಕವ್ವ?"

"ನಿಮ್ಮಪ್ಪ ಬದುಕಿರೋಗಂಟ ಒಂದ್ ದಿನ ಕಾನೂನು ಮೀರಿದೋರಲ್ಲ ಕಣ್ಲಾ. ಅಂತೋರ ಎಂಡ್ತಿ ನಾನು ಕದ್ದು ಪೈಪ್ ಹಾಕ್ಸನೇನ್ಲಾ?"

ಅಪ್ಪ, ಅಂದರೆ ದಿವಂಗತ ಶಾಂತಮಲ್ಲಪ್ಪನವರು, ಗೋಡೆಯ ಫೋಟೋದಲ್ಲಿ ವಿಭೂತಿ ಧರಿಸಿ ಗಂಭೀರವಾಗಿ ಕೂತಿದ್ದರು. ಆ ಗಾಂಭೀರ್ಯದ ಹಿಂದೆ ಏನಿತ್ತೆಂಬುದು ಶುಕ್ರವಾರದವರೆಗೆ ಆ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಪೈಪು ಬದಲಾಯಿಸುವುದಂತೂ ಅನಿವಾರ್ಯವಾಗಿತ್ತು. ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು, ಮೊದಲ ಕೊಡದಲ್ಲಿ ನೀರಿನ ಬದಲು ಟೀ ಬರುತ್ತಿತ್ತು. ಹಾಲು ಸಕ್ಕರೆ ಮಾತ್ರ ಕಡಿಮೆ! ಇನ್ನೊಂದು ತುರ್ತೂ ಇತ್ತು. ಬರುವ ಸೋಮವಾರ ಬೀದಿಗೆ ಕಾಂಕ್ರೀಟ್ ಬೀಳಲಿತ್ತು. ಬಿದ್ದ ಮೇಲೆ ಐದು ವರ್ಷ ಯಾರೂ ರಸ್ತೆಗೆ ಗುದ್ದಲಿ ಮುಟ್ಟಿಸುವಂತಿಲ್ಲ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಐದು ವರ್ಷವೂ ಟೀ ಕುಡಿಯಬೇಕು; ಆ ಟೀಯಲ್ಲೇ ಲಿಂಗಪೂಜೆಗೆ ಬೇಕಾದ ಮಡಿನೀರು, ಅಂದರೆ ಅಗ್ಗಣಿಯನ್ನೂ ತುಂಬಬೇಕು.

ಆದರೆ ಕಾನೂನಿನ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಲು ನಿಜವಾದ ಕಾರಣ ಪಕ್ಕದ ಮನೆಯಲ್ಲಿತ್ತು. ಹೆಸರು ನಾಗರತ್ನಮ್ಮ. ಇವರ ಬಾಯಲ್ಲಿ ನಾಗರತ್ನಿ. ಇಪ್ಪತ್ತೆರಡು ವರ್ಷದ ಹಿಂದೆ ನಾಗರತ್ನಮ್ಮ ಗೋಡೆಯ ಮೇಲೆ ಹರವಿದ ಒದ್ದೆ ಸೀರೆ ತೊಟ್ಟಿಕ್ಕಿ ಚಿಕ್ಕಮಲ್ಲಮ್ಮನ ನೂರಾ ನಲವತ್ತು ಅಕ್ಕಿ ಹಪ್ಪಳ ಮತ್ತೆ ಹಿಟ್ಟಾಗಿಹೋಗಿದ್ದವು. ಅಂದೇ ಬೀದಿಯಲ್ಲಿ ನಿಂತು, ಬೆಟ್ಟದ ದೇವರು ಮಾದಪ್ಪನಿಗೆ ಕೈ ಮುಗಿದು ಆಣೆ ಮಾಡಿದ್ದರು:

"ನಾಗರತ್ನಿ, ನಿನ್ ಮನೆ ಒಂದು ತೊಟ್ಟು ನೀರು ನನ್ ಮನೆ ಒಸ್ಲು ದಾಟ್ಕೂಡ್ದು!"

ಅಂದಿನಿಂದ ಆ ಮನೆಯ ನೀರು ಮುಟ್ಟಿಲ್ಲ. ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ಕೊಡ ಹೊತ್ತು ಎರಡು ಬೀದಿ ದಾಟಿ ಹೋಗಿದ್ದಾರೆಯೇ ಹೊರತು ಪಕ್ಕದ ಗೇಟು ನೋಡಿಲ್ಲ. ಆದರೂ ಆಗಾಗ ತಮ್ಮ ನಲ್ಲಿಯ ನೀರು ನೂಲಿನಷ್ಟು ಸಣ್ಣಗಾಗುತ್ತಿತ್ತು. ನಾಗರತ್ನಿ ಕಳ್ಳ ಮೋಟಾರು ಇಟ್ಟು ನೀರೆಳೆಯುತ್ತಾಳೆ ಎಂಬುದರಲ್ಲಿ ಚಿಕ್ಕಮಲ್ಲಮ್ಮನಿಗೆ ಸಂಶಯವಿರಲಿಲ್ಲ. ಹೆಚ್ಚು ಓದಿದವರಲ್ಲ, ಆದರೆ ಲೆಕ್ಕದಲ್ಲಿ ಬಲು ಖಡಕ್ಕು. ನೀರು ಬಿಟ್ಟ ಪ್ರತಿ ದಿನ ಎಷ್ಟು ಕೊಡ ತುಂಬಿತೋ ಅಷ್ಟು ಗೆರೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಳೆದಿದ್ದರು. ಸಣ್ಣಗೆ ಬಂದ ದಿನಗಳಿಗೆ ಸುತ್ತಲೂ ಕುಂಕುಮದ ಉಂಗುರ!

ಕಾನೂನಿನವರ ಎದುರೇ ಅಗೆದರೆ ಆ ಕಳ್ಳತನ ಬಯಲಾಗುತ್ತದೆಂದು, ಆ ಕ್ಯಾಲೆಂಡರನ್ನೇ ಸಾಕ್ಷಿಗೆ ಸುರುಳಿ ಸುತ್ತಿಕೊಂಡು ಪುರಸಭೆ ಕಚೇರಿಗೆ ಹೊರಟರು.

ಗುಮಾಸ್ತ ಚಂದ್ರಕುಮಾರ್ ಅರ್ಜಿಯ ಜೊತೆ ನಿಯಮಗಳ ಹಾಳೆಯನ್ನೂ ಕೊಟ್ಟ. ಎಲ್ಲರೂ ಅದನ್ನು ಮಡಚಿ ಬೀಸಣಿಗೆ ಮಾಡಿಕೊಳ್ಳುತ್ತಾರೆ. ಚಿಕ್ಕಮಲ್ಲಮ್ಮ ಬೆಂಚಿನ ಮೇಲೆ ಕೂತು, ಅಕ್ಷರಕ್ಕೊಂದು ಬೆರಳಿಟ್ಟು ಓದತೊಡಗಿದರು. ಕಚೇರಿಯವರು ಊಟಕ್ಕೆ ಎದ್ದಾಗ ನಾಲ್ಕನೇ ನಿಯಮ ನಡೆಯುತ್ತಿತ್ತು. ಊಟ ಮಾಡಿ ಬಂದಾಗ ಐದನೆಯದು.

"ಅಲ್ಲ ಮಗಾ, ಕುಡಿಯೋ ನೀರಿನ ಪೈಪು ಚರಂಡಿ ಪೈಪಿಗಿಂತ ಮೇಲಿರ್ಬೇಕು ಅಂತ ಬರ್ದವ್ರಲ್ಲ, ಅದ್ಯಾಕೆ?"

"ರೂಲ್ಸು ಕಣಜ್ಜಿ."

"ರೂಲ್ಸು ಅಂತ ನಂಗೂ ಗೊತ್ತು. ಯಾಕೆ ಅಂತ ಏಳು."

ಚಂದ್ರಕುಮಾರ್ ಪೆನ್ನು ಕೆಳಗಿಟ್ಟ. "ಚರಂಡಿ ಪೈಪ್ ಸೋರಿದ್ರೆ ಕೊಳಕು ಕೆಳಕ್ಕೆ ಇಳೀತದೆ, ಮೇಲಕ್ಕೆ ಬರಲ್ಲ. ಅದಕ್ಕೆ."

"ಅಬ್ಬಾ! ತಲೆ ಇರೋನೇ ಬರ್ದವ್ನೆ ಬುಡು! ಮತ್ತೆ ಪೈಪಿಗೆ ನೇರ ಮೋಟಾರ್ ಇಡ್ಬಾರ್ದು ಅಂತ?"

"ನೀರಿಲ್ದಾಗ ಮೋಟಾರ್ ಎಳೆದ್ರೆ ಸುತ್ತ ಇರೋ ಗಲೀಜನ್ನೂ ಒಳಕ್ಕೆ ಎಳ್ಕತದೆ. ಬೀದಿಯೋರ ನೀರೂ ಓಯ್ತದೆ."

"ಕೇಳ್ಸ್ಕಂಡ್ಯಾ ನಾಗರತ್ನಿ!" ಎಂದು ಚಿಕ್ಕಮಲ್ಲಮ್ಮ ಅಲ್ಲಿಲ್ಲದ ನಾಗರತ್ನಮ್ಮನಿಗೆ ಹೇಳಿದರು.

ಸಂಜೆ ನಾಲ್ಕಕ್ಕೆ ಹದಿಮೂರೂ ನಿಯಮ ಮುಗಿದವು. "ಅಜ್ಜಿ, ನನ್ ಸರ್ವೀಸಲ್ಲಿ ಈ ಹಾಳೆ ಪೂರ್ತಿ ಓದಿದೋರು ನೀವೇ ಮೊದ್ಲು," ಎಂದ ಚಂದ್ರಕುಮಾರ್.

"ನೀನು ಓದಿದ್ದೀಯೇನಪ್ಪಾ?"

ಅವನಿಗೆ ಥಟ್ಟನೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕ್ಯಾಲೆಂಡರನ್ನೂ ತನ್ನ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಕುಂಕುಮದ ಉಂಗುರದ ದಿನಗಳಲ್ಲೆಲ್ಲ ಬೀದಿಗೆ ಭರ್ತಿ ನೀರು ಹೋಗಿತ್ತು! ಅವನಿಗೂ ಕುತೂಹಲ ಹತ್ತಿತು. ಶುಕ್ರವಾರ ತಾನೇ ಪರವಾನಗಿ ತಂದು, ಅಗೆಯುವಾಗ ನಿಂತು ನೋಡುವುದಾಗಿ ಹೇಳಿದ. ಇನ್ನೊಂದೇ ಬಾಕಿ: ಈಗಿನ ಪೈಪು ಸಾಗುವ ದಾರಿಯ ನಕ್ಷೆ. ಚಿಕ್ಕಮಲ್ಲಮ್ಮ ಮನೆಗೊಂದು ಚೌಕ, ನಲ್ಲಿಗೊಂದು ಸೊನ್ನೆ ಬರೆದು, ಅಲ್ಲಿಂದ ಬೀದಿಗೆ ನೇರವಾಗಿ ಗೆರೆ ಎಳೆದರು. ಕೆಳಗೆ, "ಇದು ಸತ್ಯ" ಎಂಬಲ್ಲಿ, ಐದು ನಿಮಿಷ ತೆಗೆದುಕೊಂಡು ಸಹಿ ಹಾಕಿದರು.

ಶುಕ್ರವಾರ ಚಿಕ್ಕಮಾದು ಗುದ್ದಲಿ ಹಿಡಿದು ಬಂದ. ಚಿಕ್ಕಮಲ್ಲಮ್ಮ ಬಾಗಿಲಲ್ಲೇ ತಡೆದರು.

"ನಿಯಮ ಎರಡು. ಲೈಸೆನ್ಸ್ ಇರೋ ಪ್ಲಂಬರ್ರೇ ಮುಟ್ಬೇಕು. ತೋರ್ಸು."

"ಅಜ್ಜಿ, ನಾನು ಚಿಕ್ಕಮಾದು! ಚಿಕ್ಕಂದಿಂದ ನಿಮ್ಮನೇಲಿ ಮುದ್ದೆ ಉಂಡೋನು!"

"ಮುದ್ದೆ ಉಣ್ಣಕ್ಕೆ ಲೈಸೆನ್ಸ್ ಬ್ಯಾಡ. ಪೈಪಿಗೆ ಬೇಕು."

ಅವನು ಮನೆಗೆ ಹೋಗಿ ಟ್ರಂಕಿನ ತಳದಿಂದ ಲೈಸೆನ್ಸ್ ತಂದ ಮೇಲೆ, ಪರವಾನಗಿ ಹಿಡಿದ ಚಂದ್ರಕುಮಾರ್, ರಜೆ ಹಾಕಿದ್ದ ಸೋಮೇಶ್, ಕ್ಯಾಲೆಂಡರ್ ಹಿಡಿದ ಚಿಕ್ಕಮಲ್ಲಮ್ಮ, ಮೂವರ ಸಮ್ಮುಖದಲ್ಲಿ ಶಾಸ್ತ್ರೋಕ್ತವಾಗಿ ಗುದ್ದಲಿ ಬಿತ್ತು. ನಕ್ಷೆಯ ಗೆರೆಯ ಮೇಲೆ ಎರಡು ಅಡಿ ಅಗೆದರೂ ಪೈಪಿಲ್ಲ. ಮೂರಡಿ. ಇಲ್ಲ. ಬೀದಿಯ ಅಂಚಿನಲ್ಲಿ ಮಾತ್ರ ಒಂದು ಗೇಣುದ್ದದ ತುಕ್ಕು ತುಂಡು ಸಿಕ್ಕಿತು. ಅದರ ಬಾಯಿಗೆ ಮರದ ಬೆಣೆ ಜಡಿದಿತ್ತು!

"ಮತ್ತೆ ನಲ್ಲೀಲಿ ನೀರು ಎಲ್ಲಿಂದ ಬತ್ತದಜ್ಜಿ?" ಚಿಕ್ಕಮಾದು ಈಗ ನಲ್ಲಿಯ ಬುಡದಿಂದ ಅಗೆಯತೊಡಗಿದ. ಪೈಪು ಬೀದಿಯ ಕಡೆಗೆ ನೋಡಲೇ ಇಲ್ಲ. ಎಡಕ್ಕೆ ತಿರುಗಿತು, ಕಾಂಪೌಂಡ್ ಗೋಡೆಯ ಬುಡದಲ್ಲಿ ನುಸುಳಿತು. ಎಲ್ಲರೂ ಗೋಡೆಯ ಆಚೆ ಬಗ್ಗಿ ನೋಡಿದರು. ನಾಗರತ್ನಮ್ಮನ ಒಗೆಯುವ ಕಲ್ಲಿನ ಪಕ್ಕ ಒಂದು ಕವಲು, ಅದರ ಮೇಲೊಂದು ಪುಟ್ಟ ವಾಲ್ವು. ತಿರುಗಿಸಿ ತಿರುಗಿಸಿ ಅದರ ಹಿಡಿ ಫಳಫಳ ಹೊಳೆಯುತ್ತಿತ್ತು.

ಚಿಕ್ಕಮಾದು ಹಣೆಯ ಬೆವರೊರೆಸಿದ. "ಅಜ್ಜಿ, ನಿಮ್ಮ ನಲ್ಲಿ ಇವ್ರ ನಲ್ಲಿಗೆ ಹುಟ್ಟಿದ್ದು ಕಣಜ್ಜಿ!"

ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನಾಗರತ್ನಮ್ಮ ತಲೆಯನ್ನೂ ಎತ್ತಲಿಲ್ಲ.

"ನಿಮ್ಮೆಜಮಾನ್ರೂ ನಮ್ಮೆಜಮಾನ್ರೂ ಸೇರ್ಕಂಡು ಮಾಡಿದ್ದು ಚಿಕ್ಕಮಲ್ಲಕ್ಕ. ಅತ್ತೊಂಬತ್ತು ವರ್ಸ ಆಯ್ತು. ನೀನು ಉಮ್ಮತ್ತೂರಿಗೆ ತಂಗಿ ಮಗಳ ಬಾಣಂತನಕ್ಕೆ ಓಗಿದ್ದೆ. ರೋಡಿಂದ ನಿಮ್ಮನೆಗೆ ಬರೋ ಪೈಪು ಕಟ್ಕಂಬುಟ್ಟಿತ್ತು. ಅರ್ಜಿ ಕೊಟ್ರೆ ತಿಂಗಳಾಯ್ತದೆ ಅಂತ ಒಂದು ಬಾನ್ವಾರ ಇಬ್ರೂ ಮಾಡ್ಬುಟ್ರು."

ಸೋಮೇಶ್ ತಿರುಗಿ ತೆರೆದ ಬಾಗಿಲೊಳಗಿಂದ ಕಾಣುತ್ತಿದ್ದ ಅಪ್ಪನ ಫೋಟೋ ನೋಡಿದ. ಫೋಟೋ ಯಾವ ಹೇಳಿಕೆಯನ್ನೂ ಕೊಡಲಿಲ್ಲ.

"ನಂಗ್ಯಾಕೆ ಏಳ್ಲಿಲ್ಲ?" ಚಿಕ್ಕಮಲ್ಲಮ್ಮನ ದನಿ ಅವರ ನಲ್ಲಿಯಂತೆಯೇ ಸಣ್ಣಗಾಗಿತ್ತು.

"ಏಳಿದ್ರೆ ನೀನು ನೀರು ಕುಡೀತಿದ್ಯಾ?"

ಅಷ್ಟರಲ್ಲಿ ಕ್ಯಾಲೆಂಡರ್ ತಿರುವುತ್ತಿದ್ದ ಸೋಮೇಶನಿಗೆ ಏನೋ ಹೊಳೆಯಿತು. "ಅವ್ವ, ಈ ಉಂಗುರದ ದಿನ ತೆಂಗಿನ ಗರಿ ಬಿದ್ದ ಜಗಳ ಅಲ್ವಾ? ಇದು ರಂಗೋಲಿ ತುಳಿದ ಜಗಳ. ಇದು ಹಸುವಿಂದು..." ಉಂಗುರಕ್ಕೊಂದು ಜಗಳ, ಜಗಳಕ್ಕೊಂದು ಉಂಗುರ! ಒಂದೂ ತಪ್ಪಿರಲಿಲ್ಲ.

"ವಸಿ ತಿರುಗಿಸ್ತಿದ್ದೆ, ಅಷ್ಟೆ," ಎಂದರು ನಾಗರತ್ನಮ್ಮ. "ಪೂರಾ ನಿಲ್ಸಿಲ್ಲ. ಅಗ್ಗಣಿಗೆ ನೀರು ಬೇಕಲ್ಲ. ಪಾಪ ಬತ್ತದೆ."

ಚಂದ್ರಕುಮಾರ್ ಗಂಟಲು ಸರಿಮಾಡಿಕೊಂಡ. ಪರವಾನಗಿ ಇರುವುದು ನಕ್ಷೆಯ ಗೆರೆಗೆ. ಆ ಗೆರೆಯಲ್ಲಿ ಪೈಪೇ ಇಲ್ಲ. ಬೀದಿಯಿಂದ ಹೊಸ ನಲ್ಲಿ ಬೇಕಾದರೆ ಹೊಸ ಅರ್ಜಿ, ಹದಿನೈದು ದಿನ. ಸೋಮವಾರ ಕಾಂಕ್ರೀಟು. "ಬೇರೆ ದಾರಿ ಏನಾದ್ರೂ..." ಎಂದು ಅವನು ಹಾಳೆ ತಡಕತೊಡಗಿದ. ಇಡೀ ಗುಂಪಿನಲ್ಲಿ ಆ ಹಾಳೆಯನ್ನು ಪೂರ್ತಿ ಓದಿದ್ದವರು ಒಬ್ಬರೇ. ಅವರು ನೆಲ ನೋಡುತ್ತ, ನುಂಗಲಾರದ ಗುಳಿಗೆ ಉಗುಳಿದಂತೆ ಹೇಳಿದರು:

"ನಿಯಮ ಅನ್ನೊಂದು. ಎರಡು ಮನೆಗೆ ಒಂದೇ ಪೈಪಿದ್ರೆ, ಮೊದಲ ನಲ್ಲಿ ಮನೆಯೋರು ಬರ್ದು ಒಪ್ಪಿಗೆ ಕೊಟ್ರೆ, ಅದೇ ದಾರೀಲಿ ಒಸಾ ಪೈಪ್ ಹಾಕ್ಬೋದು."

ಗೋಡೆಯ ಮೇಲಿಂದ ಕಾಗದ ದಾಟಿತು. ನಾಗರತ್ನಮ್ಮ ಪೆನ್ನು ಹಿಡಿದು ನಿಂತರು.

"ಸೈನ್ ಆಕ್ತೀನಿ. ಆದ್ರೆ ನಿನ್ ಆಣೆ ಏನಾಗ್ಬೇಕು ಚಿಕ್ಕಮಲ್ಲಕ್ಕ?"

ಚಿಕ್ಕಮಲ್ಲಮ್ಮ ತಮ್ಮ ಹೊಸ್ತಿಲು ನೋಡಿದರು. ನಲ್ಲಿ ನೋಡಿದರು. ಗೋಡೆಯ ಬುಡ ನೋಡಿದರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತನ್ನು ಅಕ್ಷರಕ್ಕೊಂದು ಬೆರಳಿಟ್ಟು ಮನಸ್ಸಿನಲ್ಲೇ ಮತ್ತೆ ಓದಿದರು.

"ಒಸ್ಲು ದಾಟ್ಕೂಡ್ದು ಅಂದಿದ್ದೆ. ನೀರು ಒಸ್ಲು ದಾಟಿಲ್ಲ ಕಣಮ್ಮ. ಗೋಡೆ ತೂತ್ಲಿ ಬಂದದೆ!"

ನಾಗರತ್ನಮ್ಮ ನಕ್ಕ ನಗುವಿಗೆ ಮಡಿಲಿನ ಅವರೆಕಾಳೆಲ್ಲ ಚೆಲ್ಲಿಹೋಯಿತು. ಸಹಿ ಬಿತ್ತು.

ಶನಿವಾರ ಹೊಸ ಪೈಪು ಬಂತು. ಚರಂಡಿಗಿಂತ ಮೇಲೆ, ನಿಯಮದಷ್ಟೇ ದೂರ. ಚಿಕ್ಕಮಲ್ಲಮ್ಮ ಟೇಪು ಹಿಡಿದು ಎರಡು ಸಲ ಅಳೆದರು. ವಾಲ್ವು ಮಾತ್ರ ಇದ್ದಲ್ಲೇ ಉಳಿಯಿತು. ಸೋಮವಾರ ಕಾಂಕ್ರೀಟು ಬಿತ್ತು. ಮಂಗಳವಾರ ನೀರು ಬಿಟ್ಟಾಗ ನಲ್ಲಿ ಆನೆಯ ಸೊಂಡಿಲಿನಂತೆ ಸುರಿಯಿತು. ಚಿಕ್ಕಮಲ್ಲಮ್ಮ ಮೊದಲ ತಂಬಿಗೆ ಅಗ್ಗಣಿ ತುಂಬಿ ತೆಗೆದಿಟ್ಟು, ಉಳಿದದ್ದಕ್ಕೆ ಕೊಡಗಳನ್ನು ಸಾಲಾಗಿ ಜೋಡಿಸಿ, ಅಂಗಳದಲ್ಲಿ ಹಪ್ಪಳ ಹರವಿದರು.

ಟಪ್! ಮೊದಲ ಹಪ್ಪಳದ ಮೇಲೆ ಒಂದು ಹನಿ. ಟಪ್! ಎರಡನೆಯದು. ಗೋಡೆಯ ಮೇಲೆ ಒದ್ದೆ ಸೀರೆ.

ಚಿಕ್ಕಮಲ್ಲಮ್ಮ ಸೆರಗು ಸಿಕ್ಕಿಸಿ, ಎದೆ ತುಂಬ ಉಸಿರೆಳೆದು, ಬಾಯಿ ತೆರೆದರು. ಸೀರೆಯ ಆಚೆ ನಾಗರತ್ನಮ್ಮ ಬಗ್ಗಿ ನಿಂತಿದ್ದರು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ವಾಲ್ವಿನ ಮೇಲೆ. ಇತ್ತ ಇನ್ನೂ ಆರು ಕೊಡ ಖಾಲಿ.

"ನಾಗರತ್ನಮ್ಮಾ," ಎಂದರು ಚಿಕ್ಕಮಲ್ಲಮ್ಮ, ಹಪ್ಪಳಗಳನ್ನು ಒಂದೊಂದಾಗಿ ನೆರಳಿಗೆ ಎತ್ತಿಡುತ್ತಾ, "ಸೀರೆ ಏನ್ ಬೆಳ್ಳಗೆ ಒಗೆದಿದ್ದೀಯವ್ವಾ!"